ಭಾನುವಾರದ ಕಾಗೆಗಳು

ಕೆರೆಗೆ ಯಾರಾದ್ರೂ ಬೀಗ ಹಾಕ್ತಾರೇನಮ್ಮ ಅಂತ ಜನ ನಗ್ತಾರೆ. ನಾನು ಹಾಕಿದೀನಿ. ಅದೂ ಭಾನುವಾರ, ಊರಿನ ಗಲ್ಲಿ ಗಲ್ಲೀಲಿ ಕಾರು ಸಿಕ್ಕಾಕ್ಕೊಂಡು ಹಾರನ್ ಹೊಡೀತಿರುವಾಗ. ಕೆಲಸ ಹೋಯ್ತು. ಹೋದ್ರೆ ಹೋಗ್ಲಿ, ಅದಕ್ಕೆ ನಾನು ಅತ್ತಿಲ್ಲ. ಅಳು ಬರೋದು ಬೇರೆ ವಿಷಯಕ್ಕೆ.

ಮಹದೇವಪುರ ದಾಟಿ ವೈಟ್‌ಫೀಲ್ಡ್ ಕಡೆಗೆ ಹೋಗುವಾಗ ಟೆಕ್ ಪಾರ್ಕುಗಳ ಬೆನ್ನಿಗೆ ನಮ್ಮೂರು, ನಮ್ಮೂರ ಬೆನ್ನಿಗೆ ಕೆರೆ. ನಾನು ಅಲ್ಲೇ ಹುಟ್ಟಿ ಅಲ್ಲೇ ಮದುವೆಯಾದೋಳು. ಕೆರೆ ನೋಡ್ಕೊಳ್ಳೋ ಗುತ್ತಿಗೆ ತಗೊಂಡಿದ್ದ ಕಂಟ್ರಾಕ್ಟರ್ ಸಾರ್ ನನ್ನನ್ನ ಗೇಟ್ ಸೂಪರ್‌ವೈಸರ್ ಅಂತ ಇಟ್ಕೊಂಡಿದ್ರು. ಸೂಪರ್‌ವೈಸರ್ ಅಂದ್ರೆ ಏನೋ ಅಂದ್ಕೋಬೇಡಿ. ಸೀರೆ ಮೇಲೊಂದು ಖಾಕಿ ಕೋಟು, ಕತ್ತಲ್ಲಿ ವಿಷಲ್ಲು, ಸೊಂಟದಲ್ಲಿ ಬೀಗದ ಕೈ ಗೊಂಚಲು. ನನ್ನ ಕೈಕೆಳಗೆ ರಾಯಚೂರಿನ ಸೆಕ್ಯುರಿಟಿ ಒಬ್ಬ. ಪಾಪದೋನು, ಆದ್ರೆ ಗಟ್ಟಿ ಮನುಷ್ಯ. ನಮ್ಮ ಬೀದೀಲೇ ಒಂದು ರೂಮಲ್ಲಿ ಬಾಡಿಗೆಗಿದ್ದ.

ಬೆಳಗ್ಗೆ ಬಂದ ತಕ್ಷಣ ಮೊದಲು ನೋಡ್ಬೇಕಾದ್ದು ಕೋಡಿಯ ಜಾಲರಿ. ಕೆರೆ ತುಂಬಿದಾಗ ನೀರು ಹೊರಗೆ ಹರಿಯೋ ಜಾಗಕ್ಕೆ ಕೋಡಿ ಅಂತೀವಿ. ಅಲ್ಲಿ ಬಾಟ್ಲಿ, ಪ್ಲಾಸ್ಟಿಕ್ ಕವರ್ ಸಿಕ್ಕಾಕ್ಕೊಂಡ್ರೆ ನೀರು ನಿಂತು, ನೊರೆ ಎದ್ದು, ಮಧ್ಯಾಹ್ನದೊಳಗೆ ಗಬ್ಬು ನಾತ. ಉದ್ದ ಕೊಕ್ಕೇಲಿ ಎಲ್ಲಾ ಎಳೆದು ದಡಕ್ಕೆ ಹಾಕ್ಬೇಕು. ಆಮೇಲೆ ಏರಿ ಮೇಲೆ ಒಂದು ಸುತ್ತು. ಬೇಲಿ ಎಲ್ಲಿ ಕತ್ತರಿಸಿದಾರೆ, ಬೆಂಚು ಎಲ್ಲಿ ಮುರಿದಿದಾರೆ, ಯಾವ ಮರದ ಬುಡದಲ್ಲಿ ಯಾರು ಏನು ಮಾಡಿ ಹೋಗಿದಾರೆ, ಎಲ್ಲಾ ನೋಡಿ ಬಂದು ಗೇಟು ತೆಗೆಯೋದು. ವಾರದ ದಿನ ವಾಕಿಂಗಿನವರು, ಅಷ್ಟೇ. ಶನಿವಾರ ಭಾನುವಾರ ಬಂತು ಅಂದ್ರೆ ನನ್ನ ವಿಷಲ್ಲಿಗೆ ಬಿಡುವಿಲ್ಲ.

ಇದೆಲ್ಲಾ ಶುರುವಾಗಿದ್ದು ಒಂದು ಫೋಟೋದಿಂದ. ಯಾರೋ ಪುಣ್ಯಾತ್ಮ ಕೋಡಿ ಹತ್ರದ ಚಪ್ಪಡಿ ಕಲ್ಲಿನ ಮೇಲೆ ನಿಂತು, ಹೆಜ್ಜಾರ್ಲೆ ಹಕ್ಕಿಗಳು ನೀರಲ್ಲಿ ಸಾಲಾಗಿ ಹೋಗೋದನ್ನ ತೆಗೆದಿದ್ದ. ಹಿಂದುಗಡೆ ಗಾಜಿನ ಬಿಲ್ಡಿಂಗು, ಅದರ ಮೇಲೆ ಸಂಜೆ ಬಿಸಿಲು. ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಅದು ಫೇಸ್‌ಬುಕ್ಕಲ್ಲಿ, ವಾಟ್ಸಾಪಲ್ಲಿ ಓಡಾಡ್ತು. ಆಮೇಲೆ ನೋಡಿ, ಬಂದ್ರಪ್ಪಾ ಜನ! ಮದುವೆಗೆ ಮುಂಚೆ ಫೋಟೋ ತೆಗೆಸ್ಕೊಳ್ಳೋ ಜೋಡಿಗಳು, ಆಫೀಸಿನ ಗುಂಪುಗಳು, ಬೇರೆ ಊರಿಂದ ಟೆಂಪೋ ಮಾಡ್ಕೊಂಡು ಬರೋರು. ಆ ಚಪ್ಪಡಿ ಕಲ್ಲಿಗೆ ಸೆಲ್ಫಿ ಪಾಯಿಂಟ್ ಅಂತ ಹೆಸರೂ ಬಿತ್ತು. ಕೆರೆ ಕಮಿಟಿಯವರು ಪಕ್ಕದಲ್ಲಿ ಒಂದು ಬೋರ್ಡ್ ಬೇರೆ ನೆಟ್ರು.

ಅದು ನಮ್ಮೂರಿಗೆ ಎಡೆ ಇಡೋ ಕಲ್ಲು. ಸತ್ತೋರನ್ನ ಏರಿ ಹಿಂದಿನ ದಿಬ್ಬದಲ್ಲಿ ಮಣ್ಣು ಮಾಡಿ, ಮೂರನೇ ದಿನ ಹಾಲುತುಪ್ಪ ಬಿಟ್ಟು, ಸತ್ತೋರಿಗೆ ಇಷ್ಟವಾದ ಅಡಿಗೆ ಎಲ್ಲಾ ಎಲೆಗೆ ಬಡಿಸಿ ಆ ಕಲ್ಲಿನ ಮೇಲೆ ಇಡ್ತೀವಿ. ಹನ್ನೊಂದನೇ ದಿನ ಮತ್ತೊಂದು ಸಲ. ಕಾಗೆ ಬಂದು ಮುಟ್ಟಬೇಕು. ಮುಟ್ಟೋ ತನಕ ಮನೆಯವರು ಯಾರೂ ಬಾಯಿಗೆ ನೀರು ಹಾಕಲ್ಲ. ಕಾಗೆ ಬರ್ಲಿಲ್ಲ ಅಂದ್ರೆ ಸತ್ತೋರಿಗೆ ಏನೋ ಮನಸ್ಸಲ್ಲಿ ಉಳ್ಕೊಂಡಿದೆ ಅಂತ. ಆಗ ಒಬ್ಬೊಬ್ಬರೇ ಕೈ ಮುಗಿದು ಜೋರಾಗಿ ಹೇಳ್ತಾರೆ. ನಿನ್ನ ಮಗಳ ಮದುವೆ ನಾವು ನಿಂತು ಮಾಡ್ತೀವಿ ಬಾರಪ್ಪಾ, ಅಣ್ಣ ತಮ್ಮ ಜಗಳ ಆಡಲ್ಲ ಬಾರಪ್ಪಾ ಅಂತ. ಸರಿಯಾದ ಮಾತು ಬಿತ್ತು ಅಂದ್ರೆ ಕಾಗೆ ಬರುತ್ತೆ. ನನ್ನ ಕಣ್ಣಾರೆ ನೋಡಿದೀನಿ, ನಮ್ಮಪ್ಪನ ಎಡೇಲಿ.

ಊರಲ್ಲಿ ಎಲ್ಲರಿಗೂ ಆ ಜನದ ಮೇಲೆ ಸಿಟ್ಟಿತ್ತು, ಆದ್ರೆ ಎಲ್ಲರ ಸಿಟ್ಟೂ ಒಂದೇ ಥರ ಇರ್ಲಿಲ್ಲ. ಬಾಗಿಲಿಗೆ ಅಡ್ಡ ಕಾರು ನಿಲ್ಸಿ ಹೋಗೋರು. ಜಗಲೀಲಿ ಕೂತ ಮುದುಕೀರ ಮುಖಕ್ಕೆ ಕ್ಯಾಮೆರಾ ಹಿಡಿಯೋರು, ಕೇಳೋದೂ ಇಲ್ಲ. ನಾಗರಕಲ್ಲಿನ ಹಿಂದೆ ಉಚ್ಚೆ. ಮಣ್ಣು ಮಾಡೋ ದಿಬ್ಬದ ಮೇಲೆ ಬೈಕು. ಬೇಡ ಅಂತ ಎಲ್ಲರೂ ಬೈಯೋರೇ. ಬೈಕೊಂಡೇ ಅರ್ಧ ಊರು ಹಿತ್ತಲು ಬಿಟ್ಟುಕೊಟ್ಟು ಪಾರ್ಕಿಂಗ್ ಮಾಡ್ತು, ಗೇಟಿನ ಮುಂದೆ ಜೋಳ ಸುಟ್ಟು ಮಾರ್ತು.

ಬಾಯಿಗೂ ಕೈಗೂ ವ್ಯತ್ಯಾಸ ಇಲ್ದಂಗೆ ವಿರೋಧ ಮಾಡಿದೋರು ನಮ್ಮ ಭಾವ ಒಬ್ಬರೇ, ನಮ್ಮಕ್ಕನ ಗಂಡ. ಕೆರೆ ಕೆಳಗೆ ಸೊಪ್ಪು ಬೆಳೀತಿದ್ರು. ಕೆರೆಗೆ ಬೇಲಿ ಬಂದ ಮೇಲೆ ತೂಬು ಮುಚ್ಚಿ, ಕಾಲುವೆಗೆ ನೀರು ಬರೋದು ನಿಂತು, ಸೊಪ್ಪೂ ನಿಂತು ಹೋಯ್ತು. ಒಂದು ಹಳೇ ಟ್ರ್ಯಾಕ್ಟರ್ ಇಟ್ಕೊಂಡು ಮಣ್ಣು ಹೊಡೀತಿದ್ರು. ಒಂದು ಶನಿವಾರ ಆ ಟ್ರ್ಯಾಕ್ಟರ್ ತಂದು ಕೆರೆ ದಾರಿಗೆ ಅಡ್ಡ ನಿಲ್ಸಿ, ಬೀಡಿ ಹಚ್ಕೊಂಡು ಅದರ ಮೇಲೆ ಕೂತ್ಬಿಟ್ರು.

"ಭಾವ, ತೆಗೀರಿ, ನಂಗೆ ಬೈತಾರೆ," ಅಂದೆ.

"ನಿಂಗ್ಯಾಕಮ್ಮ ಬೈತಾರೆ? ನೀನು ಗೇಟ್ ಕಾಯೋಳು, ಕಾಯಿ. ನಾನು ದಾರಿ ಕಾಯ್ತಾವ್ನಿ. ನಮ್ಮೂರಿಗೆ ಬರೋರು ನಮ್ಮನ್ನ ಒಂದು ಮಾತು ಕೇಳ್ಕೊಂಡು ಬರ್ಲಿ, ಬ್ಯಾಡ ಅಂದಿಲ್ಲ. ಇಂಗೆ ಸಂತೆಗೆ ನುಗ್ಗಿದಂಗೆ ನುಗ್ಗಿದ್ರೆ ಎಂಗೆ?"

ಪೊಲೀಸರು ಬಂದು ತೆಗೆಸಿದ್ರು. ಮುಂದಿನ ಶನಿವಾರ ಮತ್ತೆ ತಂದು ನಿಲ್ಸಿದ್ರು. ಎರಡನೇ ಸಲ ಅವರ ಜೊತೆ ಕೂತ್ಕೊಳ್ಳೋಕೆ ಊರೋರು ಯಾರೂ ಬರ್ಲಿಲ್ಲ.

ಅದೇ ದಿನಗಳಲ್ಲಿ ನಮ್ಮಕ್ಕ ಗೇಟಿನ ಮುಂದೆ ಚುರುಮುರಿ ಗಾಡಿ ಹಾಕಿದ್ಲು. ಸೊಪ್ಪು ನಿಂತಿತ್ತು, ಮನೆ ನಡೀಬೇಕಲ್ಲ. ಅವಳ ಕೈರುಚಿ ಹೇಳೋದೇ ಬೇಡ. ಕ್ಯಾರೆಟ್ ತುರಿ, ಈರುಳ್ಳಿ, ಕಡ್ಲೇಕಾಯಿ ಬೀಜ, ಮೇಲೊಂದಿಷ್ಟು ನಿಂಬೆಹುಳಿ. ಶನಿವಾರ ಭಾನುವಾರ ಗಾಡಿ ಸುತ್ತ ಗುಂಪೋ ಗುಂಪು. ಸಂಜೆ ಗಾಡಿ ತೊಳೆಯೋ ಮುಂಚೆ ಉಳಿದ ಚೂರುಪಾರನ್ನೆಲ್ಲಾ ಗೋಡೆ ಪಕ್ಕ ಎರಚಿ, "ಬನ್ರೋ, ನೀವೂ ತಿನ್ರೋ" ಅನ್ನೋಳು ಕಾಗೆಗಳಿಗೆ.

ಭಾವ ಒಂದೇ ಸಲ ಗಾಡಿ ಹತ್ರ ಬಂದಿದ್ದು. ಗಿರಾಕಿಗಳ ಮುಂದೇನೇ ಅಂದ್ರು. "ನಮ್ಮಪ್ಪನ ಎಡೆ ಇಟ್ಟ ಕಲ್ ಮೇಲೆ ಕುಣಿಯೋ ಜನಕ್ಕೆ ಕಲಸಿ ಕಲಸಿ ಕೊಡ್ತಾ ಇದೀಯಲ್ಲ, ನಿಂಗೆ ನಾಚ್ಕೆ ಆಗಲ್ವಾ?"

"ಒಲೆ ಮುಂದೆ ಕೂತೋಳು ನಾನು. ಒಲೆಗೆ ನಾಚ್ಕೆ ಇಲ್ಲ," ಅಂದ್ಲು ಅಕ್ಕ.

ಅಷ್ಟೇ. ಅವತ್ತಿಂದ ಭಾವ ಅವಳ ಜೊತೆ ಮಾತು ಬಿಟ್ರು. ಒಂದೇ ಮನೆ, ಒಂದೇ ತಟ್ಟೆ ಬಟ್ಟಲು, ಮಾತು ಮಾತ್ರ ಇಲ್ಲ. ಮುದ್ದೆ ಬೇಕಾದ್ರೆ ಗೋಡೆಗೆ ಹೇಳೋರು. ನಾವೆಲ್ಲಾ ನಗ್ತಿದ್ವಿ, ಬಿಡು, ಯುಗಾದಿ ಹೊತ್ತಿಗೆ ಸರಿಹೋಗ್ತಾರೆ ಅಂತ. ಒಂದು ಗುರುವಾರ ಬೆಳಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡೋಕೆ ಹೋದೋರು ಎದೆ ಹಿಡ್ಕೊಂಡು ಅಲ್ಲೇ ಕುಸಿದ್ರು. ಆಸ್ಪತ್ರೆ ಬಾಗಿಲು ತಲುಪೋದ್ರೊಳಗೆ ಮುಗಿದಿತ್ತು.

ಗುರುವಾರ ಸತ್ತೋರಿಗೆ ಮೂರನೇ ದಿನ ಶನಿವಾರ ಬಂತು.

ನಾನೇ ಮುಂದೆ ಓಡಾಡಿ ಚಪ್ಪಡಿ ಕಲ್ಲಿನ ಸುತ್ತ ಹಗ್ಗ ಕಟ್ಟಿದ್ದೆ. ಕಲ್ಲು ತೊಳೆದು, ಗೋಮಯ ಹಾಕಿ, ಬಾಳೆ ಎಲೆ ಹಾಕಿದ್ವಿ. ಮುದ್ದೆ, ಹಿತಕಿದ ಅವರೆಬೇಳೆ ಸಾರು, ವಡೆ, ಪಾಯಸ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕಾರ್ಯ ಮಾಡಿಸೋಕೆ ಬಂದಿದ್ದ ದಾಸಯ್ಯ ಜಾಗಟೆ ಬಾರಿಸಿ ಶಂಖ ಊದ್ದ. ಎಲ್ಲರೂ ಹಿಂದಕ್ಕೆ ಸರಿದು ಕೂತ್ವಿ.

ಶಂಖ ಕೇಳಿ ಬಂದ್ರಲ್ಲಪ್ಪ ಜನ! ಹಗ್ಗದ ಆ ಕಡೆ ಸಾಲಾಗಿ ನಿಂತು ಮೊಬೈಲ್ ಎತ್ತಿದ್ರು. ಒಂದು ಹುಡುಗಿ, ಒಳ್ಳೇ ಹುಡುಗೀನೇ, ಮೆಲ್ಲಗೆ ನನ್ನ ಹತ್ರ ಬಂದು, "ಆಂಟಿ, ಇದು ಯಾವ ಹಬ್ಬ?" ಅಂದ್ಲು. ನಂಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದಂಗೆ ಬೈದ್ಬಿಟ್ಟೆ. ಅದು ಕಣ್ಣಲ್ಲಿ ನೀರು ಹಾಕ್ಕೊಂಡು ಹೋಯ್ತು. ಅಷ್ಟರಲ್ಲಿ ತಲೆ ಮೇಲೆ ಗುಂಯ್ ಅಂತ ಸದ್ದು. ನೋಡಿದ್ರೆ ಯಾರೋ ಮದುವೆ ಫೋಟೋದವರು ಹಾರಿಸೋ ಕ್ಯಾಮೆರಾ ಬಿಟ್ಟಿದಾರೆ. ಕಾಗೆ ಇರ್ಲಿ, ಒಂದು ಗುಬ್ಬೀನೂ ಬರ್ಲಿಲ್ಲ.

ಬಿಸಿಲು ಏರ್ತು. ಭಾವನ ಅಣ್ಣ, ಊರಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ, ಎದ್ದು ನಿಂತು ಕೈ ಮುಗಿದ್ರು. "ಬಾರಪ್ಪಾ, ನಿನ್ ಟ್ರ್ಯಾಕ್ಟರ್ ಯಾರ್ಗೂ ಮಾರಲ್ಲ, ಬಾ." ಬರ್ಲಿಲ್ಲ. "ಸೊಪ್ಪಿನ ಮಡಿ ಬೀಳು ಬುಡಲ್ಲ, ಬಾ." ಬರ್ಲಿಲ್ಲ. ಆಮೇಲೆ ಎಲ್ಲರೂ ತಿರುಗಿ ನೋಡಿದ್ದು ನಮ್ಮಕ್ಕನ ಕಡೆ. ಆ ನೋಟ ನಂಗೆ ತಡ್ಕೊಳ್ಳೋಕಾಗ್ಲಿಲ್ಲ.

ಅಕ್ಕ ಎದ್ಲು. ಸೆರಗು ತಲೆ ಮೇಲೆ ಎಳ್ಕೊಂಡು ಕಲ್ಲಿನ ಮುಂದೆ ಹೋಗಿ, "ಗಾಡಿ ಮುಚ್ತೀನಿ. ಇನ್ನು ಆ ಜನಕ್ಕೆ ಒಂದು ಕಾಳೂ ಕಲಸಿ ಕೊಡಲ್ಲ. ಬನ್ನಿ," ಅಂದ್ಲು.

ಹಗ್ಗದಾಚೆ ಯಾರೋ ನಕ್ಕ ಸದ್ದು. ನಮ್ಮನ್ನ ನೋಡಿ ನಕ್ಕಿದ್ದಲ್ಲ ಇರಬೇಕು, ಅವರವರಲ್ಲೇ ಏನೋ. ಕಾಗೆ ಬರ್ಲಿಲ್ಲ.

ದಾಸಯ್ಯ ಕೊನೆಗೆ, "ಹಸೂಗೆ ತಿನ್ಸ್ಬುಡ್ರಪ್ಪ, ನಡೀತದೆ, ಶಾಸ್ತ್ರದಾಗೆ ಅದೆ," ಅಂದ. ಊರಲ್ಲಿ ಹಸು ಎಲ್ಲಿದೆ ಈಗ? ಡೈರಿ ಹಿಂದೆ ಕಟ್ಟಿದ್ದ ಒಂದನ್ನ ಹಿಡ್ಕೊಂಡು ಬಂದು ತಿನ್ಸಿದ್ವಿ. ಎಲ್ಲರೂ ಊಟ ಮಾಡಿದ್ರು. ಅಕ್ಕ ಎಲೆ ಮುಂದೆ ಕೂತ್ಲು, ಕೈ ಹಾಕ್ಲಿಲ್ಲ. ಮಾರನೇ ದಿನಾನೂ ಅಷ್ಟೇ. ಒಂದೆರಡು ತುತ್ತು, ಒಂದು ಲೋಟ ಕಾಫಿ. ಗಾಡಿಗೆ ನೀಲಿ ಟಾರ್ಪಾಲ್ ಹೊದ್ದಿಸಿ ಹಗ್ಗ ಬಿಗಿದು ಗೇಟಿನ ಪಕ್ಕ ಹಂಗೇ ಬಿಟ್ಟಿದ್ಲು.

"ಸಿಟ್ಟು ಮಾಡ್ಕೊಂಡೇ ಓದ್ರು ಕಣೆ," ಅನ್ನೋಳು. "ನನ್ ಮೇಲೇ ಸಿಟ್ಟು. ಬದುಕಿದ್ದಾಗ ಮಾತಾಡ್ಲಿಲ್ಲ, ಸತ್ತ ಮ್ಯಾಲೂ ಮಾತಾಡ್ತಾ ಇಲ್ಲ."

"ಅಕ್ಕ, ಜನ ಇದ್ರು ಕಣೆ, ಗಲಾಟೆ. ಕಾಗೆ ಹೆದರ್ಕೊಳ್ತು, ಅಷ್ಟೇ."

"ಅಪ್ಪನ ಎಡೇಗೆ ಬರ್ಲಿಲ್ವಾ?"

"ಆಗ ಜನ ಎಲ್ಲಿದ್ರು?"

ಅವಳು ಕಿವಿಗೆ ಹಾಕ್ಕೊಳ್ತಿರ್ಲಿಲ್ಲ. ಮನುಷ್ಯ ಸತ್ತಿದ್ದಕ್ಕೆ ಅತ್ತು ಮುಗಿಸಬಹುದು. ಸಿಟ್ಟು ಮಾಡ್ಕೊಂಡು ಸತ್ತ ಅಂತ ಅಂದ್ಕೊಂಡ್ರೆ ಆ ಅಳು ಯಾವಾಗ ಮುಗಿಯೋದು? ಹನ್ನೊಂದನೇ ದಿನ ಕಾಗೆ ಮುಟ್ಟಲೇಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡ್ದೆ. ಲೆಕ್ಕ ಹಾಕಿದ್ರೆ ಅದು ಭಾನುವಾರ ಬೀಳ್ತಿತ್ತು!

ಬುಧವಾರ ಒಂದು ಪರೀಕ್ಷೆ ಮಾಡ್ದೆ. ಕೋಡಿ ಜಾಲರಿ ಕೆಲಸ ಮುಗಿಸಿ, ವಾಕಿಂಗಿನವರೆಲ್ಲಾ ಹೋದ ಮೇಲೆ, ಒಂದು ಹಿಡಿ ಅನ್ನ ತಗೊಂಡು ಹೋಗಿ ಆ ಕಲ್ಲಿನ ಮೇಲೆ ಇಟ್ಟೆ. ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾ ಇದೀನಿ, ಹೊಂಗೆ ಮರದಿಂದ ಒಂದು ಕಾಗೆ ಇಳೀತು. ಸುತ್ತ ನೋಡ್ತು. ಕುಪ್ಪಳಿಸ್ತಾ ಬಂದು ಒಂದು ಅಗುಳು ಎತ್ಕೊಳ್ತು. ಹಿಂದೇನೇ ಇನ್ನೆರಡು. ಗುರುವಾರ ಇಟ್ಟೆ, ಬಂದ್ವು. ಶುಕ್ರವಾರಾನೂ ಬಂದ್ವು. ಸೆಕ್ಯುರಿಟಿನ ಕರೆದು ತೋರಿಸ್ದೆ.

"ಮಂದಿ ಇರ್ಲಿಲ್ಲಂದ್ರ ಬರ್ತಾವ್ ನೋಡ್ರಿ ಅಕ್ಕಾರ," ಅಂದ. "ಮಂದೀದ ತ್ರಾಸ."

ಅಲ್ಲಿಗೆ ನಂಗೆ ಖಾತ್ರಿ ಆಯ್ತು. ಭಾನುವಾರ ಜನ ಇರ್ಬಾರ್ದು, ಮಿಕ್ಕಿದ್ದು ತಾನಾಗೇ ಸರಿಹೋಗುತ್ತೆ.

ಕಂಟ್ರಾಕ್ಟರ್ ಸಾರ್‌ಗೆ ಫೋನ್ ಮಾಡ್ದೆ. "ನನ್ನ ಕೈಲಿಲ್ಲಮ್ಮ, ಕಮಿಟಿ ಕೇಳು," ಅಂದ್ರು. ಕಮಿಟಿ ಸೆಕ್ರೆಟರಿ ಮೇಡಂ ಪಕ್ಕದ ಅಪಾರ್ಟ್‌ಮೆಂಟ್‌ನೋರು. ಕೆರೆ ಮೇಲೆ ಪ್ರೀತಿ ಇದ್ದೋರೇ, ಸುಳ್ಳು ಹೇಳಬಾರ್ದು. ಕಳೆ ಕೀಳೋಕೆ ತಾವೇ ತೆಪ್ಪ ಹತ್ತಿದ್ದೋರು. ಶನಿವಾರ ಬೆಳಗ್ಗೆ ಅವರ ಮನೆ ಬಾಗಿಲಿಗೇ ಹೋದೆ. ಕೂರಿಸಿ ಕಾಫಿ ಕೊಟ್ರು.

"ಮೇಡಂ, ಭಾನುವಾರ ಮಧ್ಯಾಹ್ನದ ತನಕ ಗೇಟು ಮುಚ್ಚಿರ್ಲಿ. ಅಷ್ಟೇ ಕೇಳ್ತಿರೋದು."

"ನಂಗೆ ಅರ್ಥ ಆಗುತ್ತೆ, ನಿಜವಾಗ್ಲೂ. ಬಟ್ ಇದು ಪಬ್ಲಿಕ್ ಲೇಕ್ ಅಲ್ವಾ? ಒಬ್ಬರಿಗೆ ಅಂತ ಮುಚ್ಚಿದ್ರೆ ನಾಳೆ ಎಲ್ಲರೂ ಕೇಳ್ತಾರೆ. ಒಂದು ಕೆಲಸ ಮಾಡೋಣ, ಆ ಕಲ್ಲಿನ ಸುತ್ತ ಪರದೆ ಹಾಕ್ಸೋಣ. ಅರ್ಧ ಗಂಟೆ."

"ಪರದೆ ಹಾಕಿದ್ರೆ ಕಾಗೆ ಎಲ್ಲಿಂದ ಬರುತ್ತೆ ಮೇಡಂ?"

"ಬೇರೆ ದಿನ ಮಾಡೋಕಾಗಲ್ವಾ? ಮಂಡೇ ಟ್ಯೂಸ್‌ಡೇ?"

"ಹನ್ನೊಂದನೇ ದಿನ ಅಂದ್ರೆ ಹನ್ನೊಂದನೇ ದಿನ ಮೇಡಂ. ಸಾವು ನಮ್ಮನ್ನ ಕೇಳಿ ಬಂತಾ?"

"ಸಾರಿ ಅಮ್ಮ," ಅಂದ್ರು. ಅವರ ದನೀಲಿ ನಿಜವಾದ ಬೇಜಾರಿತ್ತು. ಅದನ್ನ ತಗೊಂಡು ನಾನೇನು ಮಾಡ್ಲಿ? ಕಾಫಿ ಲೋಟ ಕೆಳಗಿಟ್ಟು ಬಂದೆ.

ದಾರೀಲಿ ದೊಡ್ಡಪ್ಪ ಸಿಕ್ಕಿದ್ರು. ಕಮಿಟಿಯವರು ಒಪ್ಪಲಿಲ್ಲ ಅಂದಿದ್ದಕ್ಕೆ, "ಆ ಟ್ರ್ಯಾಕ್ಟರ್ ಪಕ್ಕ ಅವತ್ತು ನಾವೂ ಕೂತಿದ್ರೆ ಇವತ್ತು ಕೇಳೋ ಗತಿ ಬತ್ತಿರ್ಲಿಲ್ಲ ಕಣಮ್ಮ," ಅಂದು ಟವಲ್ಲಿಂದ ಮುಖ ಒರೆಸ್ಕೊಂಡ್ರು. ಅವರೂ ಹಿತ್ತಲಲ್ಲಿ ಕಾರು ನಿಲ್ಲಿಸ್ಕೊಳ್ತಿದ್ದೋರೇ.

ಅಕ್ಕನ ಮನೆಗೆ ಬಂದು ನೋಡಿದ್ರೆ ಅವಳು ಅವರೆಕಾಯಿ ಸುಲೀತಾ ಕೂತಿದ್ಲು, ಮಾರನೇ ದಿನದ ಎಡೆಗೆ. ಕಾಳು ಸುಲಿದು, ನೆನೆಸಿ, ಒಂದೊಂದಾಗಿ ಹಿತುಕಿ ಸಿಪ್ಪೆ ತೆಗೆಯೋದು, ಗಂಟೆಗಟ್ಟಲೆ ಕೆಲಸ. ಬೆರಳ ತುದಿ ಕಪ್ಪಾಗಿತ್ತು. "ಮೂರನೇ ದಿನದ ಸಾರಿಗೆ ಉಪ್ಪು ಜಾಸ್ತಿ ಆಗಿತ್ತೇನೋ ಅಲ್ವಾ? ಅವ್ರಿಗೆ ಉಪ್ಪು ಜಾಸ್ತಿ ಆದ್ರೆ ಆಗ್ತಿರ್ಲಿಲ್ಲ," ಅಂದ್ಲು. ಆ ಮಾತು ಕೇಳಿದ ಮೇಲೆ ನಂಗೆ ಕಮಿಟೀನೂ ಬೇಡ, ಕಂಟ್ರಾಕ್ಟರೂ ಬೇಡ ಅನ್ನಿಸ್ತು. ಬೀಗದ ಕೈ ನನ್ನ ಸೊಂಟದಲ್ಲಿದೆ. ಇನ್ಯಾರನ್ನ ಕೇಳೋದು?

ಭಾನುವಾರ ಬೆಳಕು ಹರಿಯೋ ಮುಂಚೆ ಹೋದೆ. ಕೋಡಿ ಜಾಲರಿ ಚೊಕ್ಕಟ ಮಾಡ್ದೆ, ವಾಸನೆ ಬರ್ಬಾರ್ದು ಅಂತ ಎರಡೆರಡು ಸಲ ಕೊಕ್ಕೆ ಹಾಕ್ದೆ. ಏರಿ ಮೇಲೆ ಮಲಗಿದ್ದ ಇಬ್ಬರನ್ನ ಎಬ್ಬಿಸಿ ಆಚೆ ಕಳಿಸ್ದೆ. ಬೇಲಿ ಕತ್ತರಿಸಿದ್ದ ಕಡೆ ಮುಳ್ಳಿನ ಕೊಂಬೆ ತುರುಕಿದ್ದಾಯ್ತು. ಹಿಂದಿನ ಸಣ್ಣ ಗೇಟಿಂದ ನಮ್ಮೋರನ್ನೆಲ್ಲಾ ಒಳಗೆ ಬಿಟ್ಟೆ. ಆಮೇಲೆ ದೊಡ್ಡ ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದು, ಕಳೆ ತೆಗೆಯೋ ದಿನ ಹಾಕೋ ಬೋರ್ಡ್ ತಂದು ನೇತು ಹಾಕ್ದೆ. ದುರಸ್ತಿ ಕೆಲಸ ನಡೆಯುತ್ತಿದೆ, ಪ್ರವೇಶವಿಲ್ಲ.

"ಯಾರರೆ ಕೇಳಿದ್ರ ಏನ್ ಹೇಳ್ಲಿ ಅಕ್ಕಾರ?" ಅಂದ ಸೆಕ್ಯುರಿಟಿ.

"ಸೂಪರ್‌ವೈಸರ್ ಹುಚ್ಚಿ, ಬೀಗ ಹಾಕ್ಕೊಂಡು ಹೋಗಿದಾಳೆ ಅನ್ನು. ನಿನ್ನ ಮೇಲೆ ಹಾಕ್ಕೋಬೇಡ."

"ನೀವ್ ಹೋಗ್ರಿ, ನಾ ನಿಂದರ್ತೀನಿ," ಅಂದು ಗೇಟಿಗೆ ಬೆನ್ನು ಕೊಟ್ಟು ನಿಂತ.

ಎಷ್ಟು ವರ್ಷ ಆಗಿತ್ತೋ ಕೆರೆ ಹಂಗೆ ಭಾನುವಾರ ಸುಮ್ಮನಿದ್ದು. ನೀರಿನ ಸದ್ದು ಕೇಳ್ತಿತ್ತು. ದೂರದಲ್ಲಿ ಹೆಜ್ಜಾರ್ಲೆ ರೆಕ್ಕೆ ಬಡಿದಿದ್ದು ಕೇಳ್ತಿತ್ತು. ದೊಡ್ಡಪ್ಪ ಸುತ್ತ ನೋಡಿ, "ನಮ್ ಕೆರೇನೇ ಇದು," ಅಂದ್ರು, ಏನೋ ಕಳೆದೋಗಿದ್ದು ಸಿಕ್ಕಿದಂಗೆ. ಎಲೆ ಹಾಕಿದ್ವಿ. ಅಕ್ಕ ತಾನೇ ಬಡಿಸಿದ್ಲು. ಮುದ್ದೆಗೆ ಗುಳಿ ಮಾಡಿ ತುಪ್ಪ ಹಾಕಿದ್ಲು, ಭಾವನಿಗೆ ಹಾಕ್ತಿದ್ದಂಗೆ. ದಾಸಯ್ಯ ಶಂಖ ಊದ್ದ. ಶಂಖದ ಸದ್ದು ಆ ದಡ ಮುಟ್ಟಿ ವಾಪಸ್ ಬಂತು.

ಕೂತ್ವಿ.

ಹೊಂಗೆ ಮರ ನೋಡ್ದೆ. ಖಾಲಿ. ಇನ್ನೇನು ಬರ್ತವೆ ಅಂತ ಅಕ್ಕನ ಕೈ ಹಿಡ್ಕೊಂಡೆ. ಮರ ಖಾಲಿ. ಆಕಾಶ ಖಾಲಿ. ನಿನ್ನೆ ಮೊನ್ನೆ ಒಂದು ಹಿಡಿ ಅನ್ನಕ್ಕೆ ಓಡಿ ಬಂದ ಕಾಗೆಗಳು ಎಲ್ಲಿ ಸತ್ತೋದ್ವು? ದೊಡ್ಡಪ್ಪ ಎದ್ದು ಹೇಳಿದ್ದನ್ನೇ ಹೇಳಿದ್ರು. ಇನ್ನೊಬ್ಬರು ಎದ್ದು, ಟ್ರ್ಯಾಕ್ಟರ್ ನಾವೂ ತಂದು ನಿಲ್ಲಿಸ್ತೀವಿ, ಊರೆಲ್ಲಾ ಕೂರ್ತೀವಿ ಬಾ ಅಂದ್ರು. ಬಿಸಿಲು ಸುಡ್ತಿತ್ತು. ಮಕ್ಕಳು ಹಸಿವಿಗೆ ಅಳೋಕೆ ಶುರು ಮಾಡಿದ್ವು. ಮುದ್ದೆ ಮೇಲಿನ ತುಪ್ಪ ಕರಗಿ ಎಲೆ ತುದಿಗೆ ಹರಿದಿತ್ತು.

"ಜನಾನೂ ಇಲ್ಲ ಇವತ್ತು," ಅಂದ್ಲು ಅಕ್ಕ. ಜೋರಾಗೇನೂ ಅಲ್ಲ. "ಇನ್ ಯಾರ್ ಮ್ಯಾಲೆ ಹಾಕ್ತೀಯೆ?"

ಇದ್ದ ಒಂದು ನೆಪಾನೂ ನಾನೇ ಬೀಗ ಹಾಕಿ ಅವಳ ಕೈಯಿಂದ ಕಿತ್ಕೊಂಡಂಗಾಯ್ತು. ಕೂತಿರೋಕಾಗದೆ ಎದ್ದು ಏರಿ ಮೇಲೆ ಗೇಟಿನ ಕಡೆ ನಡೆದೆ. ಅಲ್ಲಿ ಗಲಾಟೆ ಜೋರಾಗಿತ್ತು, ಹಾರನ್ನು, ಬೈಗುಳ. ಏರಿ ತಿರುವಿಗೆ ಬಂದೆ ನೋಡಿ, ಅಲ್ಲೇ ನಿಂತೆ.

ಕಾಗೆಗಳೆಲ್ಲಾ ಅಲ್ಲಿದ್ವು. ಗೇಟಿನ ಕಮಾನಿನ ಮೇಲೆ, ಕಾಂಪೌಂಡ್ ಗೋಡೆ ಮೇಲೆ, ಕರೆಂಟ್ ವೈರಿನ ಮೇಲೆ, ಒಂದರ ಪಕ್ಕ ಒಂದು. ಕೆಳಗೆ ಅಷ್ಟು ಜನ ಕಿರುಚಾಡ್ತಿದ್ರೂ ಒಂದೂ ಅಲ್ಲಾಡ್ತಿಲ್ಲ. ಭಾನುವಾರ ಅಂತ ಅವಕ್ಕೆ ಗೊತ್ತಿತ್ತು. ಬೀಗ ಹಾಕಿರೋದು ಗೊತ್ತಿರ್ಲಿಲ್ಲ, ಅಷ್ಟೇ. ವಾರದ ದಿನ ಗತಿಯಿಲ್ಲದೆ ನನ್ನ ಅನ್ನಕ್ಕೆ ಬಂದಿದ್ವು. ಭಾನುವಾರ ಅವಕ್ಕೆ ನಮ್ಮ ಕಲ್ಲು ಯಾಕೆ? ಯಾವಾಗ ಗೇಟು ತೆಗೀತಾರೆ, ಯಾವಾಗ ಜನ ತಿಂದು ಬಿಸಾಕ್ತಾರೆ ಅಂತ ಕಾಯ್ತಾ ಕೂತಿದ್ವು. ನೀಲಿ ಟಾರ್ಪಾಲಿನ ಗಾಡಿ ಮೇಲಂತೂ ಸಾಲು ಸಾಲು.

ಓಡಿ ಬಂದು ಅಕ್ಕನಿಗೆ ಹೇಳ್ದೆ. "ಸಿಟ್ಟೂ ಇಲ್ಲ ಏನೂ ಇಲ್ಲ ಕಣೆ. ಎಲ್ಲಾ ಗೇಟ್ ಹತ್ರ ಕೂತವೆ. ನಾನು ಕಣ್ಣಾರೆ ನೋಡ್ದೆ."

ಅವಳು ನನ್ನ ಮುಖ ನೋಡಿದ್ಲು. ಬಗ್ಗಿ, ಎಲೆ ಹರೀದಂಗೆ ಕೆಳಗೆ ಎರಡೂ ಕೈ ಕೊಟ್ಟು ಎತ್ಕೊಂಡ್ಲು. ದಾಸಯ್ಯ, "ಇಟ್ಟ ಎಡೆ ಎತ್ಬಾರ್ದು ಕಣಮ್ಮೋ," ಅಂತ ಎದ್ದ. ದೊಡ್ಡಪ್ಪ ಅವನ ತೋಳು ಹಿಡಿದು ಕೂರಿಸಿದ್ರು. ಅವಳು ಎಲೆ ಹಿಡ್ಕೊಂಡು ಏರಿ ಮೇಲೆ ಮುಂದೆ, ನಾವೆಲ್ಲಾ ಹಿಂದೆ. ಭಾವನ್ನ ಮಣ್ಣಿಗೆ ತಗೊಂಡು ಹೋದಾಗ ನಡೆದಂಗೇ ನಡೆದ್ವಿ.

"ಬೀಗ ತೆಗಿ," ಅಂದ್ಲು ಗೇಟಿನ ಹತ್ರ.

ತೆಗೆದೆ. ನುಗ್ಗಬೇಕು ಅಂತಿದ್ದ ಜನ ಅವಳನ್ನ ನೋಡಿ ದಾರಿ ಬಿಟ್ರು. ಕೆಲವರ ಕೈ ಮೊಬೈಲ್ ಜೊತೆ ಮೇಲೆ ಹೋಯ್ತು. ಸೆಕ್ಯುರಿಟಿ ಎರಡೂ ಕೈ ಅಡ್ಡ ಚಾಚಿ, "ಫೋನ್ ಕಿಸೇದಾಗ ಇಡ್ರಿ ಸಾಹೇಬ್ರ, ಸತ್ತವ್ರ ಕಾರ್ಯ ಐತ್ರಿ," ಅಂದ. ಕೆಲವರು ಇಟ್ಕೊಂಡ್ರು.

ಅಕ್ಕ ತನ್ನ ಗಾಡಿ ಪಕ್ಕ, ಗೋಡೆ ಬುಡದಲ್ಲಿ ಎಲೆ ಇಟ್ಲು. ಅವಳು ಕೈ ಹಿಂದಕ್ಕೆ ತಗೊಳ್ಳೋದ್ರೊಳಗೆ ಬಂದ್ವು. ಒಂದಲ್ಲ, ಎಲ್ಲಾ ಒಟ್ಟಿಗೆ ಇಳಿದ್ವು. ವಡೆ ಹೋಯ್ತು, ಎಲೆ ಹರೀತು, ಹಿತಕಿದ ಬೇಳೆ ಚೆಲ್ಲಿ ಹೋಯ್ತು, ಬೀಡಿ ಕಟ್ಟನ್ನೂ ಒಂದು ಎಳೆದಾಡ್ತು. ದಾಸಯ್ಯ ಓಡಿ ಬಂದು ಶಂಖ ಊದ್ದ. "ಮುಟ್ತು, ಮುಟ್ತು!" ಅಂತ ನಮ್ಮೋರೆಲ್ಲಾ ಕೂಗಿದ್ರು. ದೊಡ್ಡಪ್ಪ ಅಳ್ತಾ, "ಸದ್ಯ, ನೆಮ್ದಿಯಾಗಿ ಓದ. ಏಳ್ರಪ್ಪಾ, ಊಟಕ್ಕೆ ನಡೀರಿ," ಅಂದ್ರು. ಗೇಟು ತೆಗೆದೇ ಇತ್ತಲ್ಲ, ನಮ್ಮ ಹಿಂದಿನಿಂದ ಜನ ಮೆಲ್ಲಗೆ ಕೆರೆ ಕಡೆ ಹರಿಯೋಕೆ ಶುರು ಮಾಡಿದ್ರು. ನಾನು ತಡೀಲಿಲ್ಲ.

ಅಕ್ಕ ಮಾತ್ರ ಎದ್ದಿರ್ಲಿಲ್ಲ. ಹಂಗೇ ಮಂಡಿಯೂರಿ ಕೂತಿದ್ಲು. ನಾನು ಪಕ್ಕದಲ್ಲಿ ಕೂತು ಅವಳ ಭುಜ ಹಿಡ್ಕೊಂಡೆ.

"ನೋಡ್ದಾ? ಕೈ ತೆಗೆಯೋಕೂ ಬಿಡ್ಲಿಲ್ಲ. ಭಾವಂಗೆ ನಿನ್ ಮೇಲೆ ಸಿಟ್ಟಿಲ್ಲ ಕಣೆ. ಏಳೇ, ಎರಡು ತುತ್ತು ತಿನ್ನು."

ಅವಳು ಕಾಗೆಗಳನ್ನೇ ನೋಡ್ತಿದ್ಲು.

"ಆ ಕೊಕ್ಕು ಮುರಿದಿರೋದು ದಿನಾ ಬತ್ತದೆ," ಅಂದ್ಲು. "ಆ ಕುಂಟಂಗೆ ಮಂಡಕ್ಕಿ ಆಗಲ್ಲ, ಕಡ್ಲೇಕಾಯ್ ಬೀಜಾನೇ ಬೇಕು. ಅಗೋ ಅದು, ನಿಂಬೆಹುಳಿ ಬಿದ್ದಿದ್ರೆ ಮೂತಿ ತಿರುಗ್ಸ್ಕೊಂಡು ಓಗ್ತದೆ."

ಒಂದೊಂದನ್ನೇ ನೋಡಿ ಮುಗಿಸಿ ನನ್ನ ಕಡೆ ತಿರುಗಿದ್ಲು. ಕಣ್ಣಲ್ಲಿ ನೀರಿರ್ಲಿಲ್ಲ.

"ಇವು ಅವ್ರಲ್ಲ ಕಣೆ," ಅಂದ್ಲು. "ಇವು ನನ್ ಗಿರಾಕಿಗಳು."